ಗುಡುಗಪ್ಪ ಹತ್ತು ಎಣಿಸಿದ್ದು

ಆ ಜೈಲು ವಾರ್ಡರಿಗೆ ಕೈದಿಗಳು ಇಟ್ಟ ಹೆಸರು ಗುಡುಗಪ್ಪ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆತ ಮೆಲ್ಲಗೆ ಮಾತಾಡಿದ್ದನ್ನು ಕೇಳಿದವರಿಲ್ಲ. ಮನೆಯಲ್ಲೂ ಅದೇ ಗಂಟಲು. ಒಂದು ದಿನ ಅಂಗಿಯ ಗುಂಡಿಯೊಂದು ಕಿತ್ತುಹೋಯಿತು. ತಪ್ಪು ಆತನ ಹೊಟ್ಟೆಯದು. ಬೈಸಿಕೊಂಡವಳು ಮಾತ್ರ ಹೆಂಡತಿ, ಅದೂ ಬೀದಿಗೆಲ್ಲ ಕೇಳುವಂತೆ. ಆಕೆ ಚೀಲ ತುಂಬಿಕೊಂಡಳು. "ಮಾತಾಡೋದು ಕಲಿತ ಮೇಲೆ ಫೋನ್ ಮಾಡಿ" ಎಂದು ಅಕ್ಕನ ಮನೆಗೆ ಹೊರಟೇಹೋದಳು. ಕೂಗಲು ಯಾರೂ ಇಲ್ಲದ ಮನೆಯಲ್ಲಿ ಗುಡುಗಪ್ಪ ಸೊರಗಿದ.

ಅದೇ ಹೊತ್ತಿಗೆ ಹೊಡೆದಾಡುವ ಕೈದಿಗಳಿಗೆ ಕೋಪ ಇಳಿಸುವ ತರಗತಿ ಶುರುವಾಯಿತು. ಕಾವಲಿಗೆ ನಿಂತವನು ಗುಡುಗಪ್ಪ. ಪಾಠದ ಮೇಡಂ ಒಂದು ನಿಯಮ ಮಾಡಿದ್ದರು: ಕೋಣೆಯೊಳಗಿದ್ದವರೆಲ್ಲ ಕೋಪದ ಡೈರಿ ಬರೆದು ಓದಬೇಕು, ಕಾವಲಿನವನೂ ಸೇರಿ. ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದ ಆತ ಎರಡನೇ ವಾರ ಗುಂಡಿಯ ಕಥೆ ಓದಿದ. ಮೂವರ ಹಲ್ಲು ಉದುರಿಸಿ ಒಳಗೆ ಬಂದಿದ್ದ, ಎಲ್ಲರೂ 'ಹಲ್ಲಿನ ಡಾಕ್ಟ್ರು' ಎನ್ನುತ್ತಿದ್ದ ಕೈದಿ ಬೇಸರದಿಂದ ತಲೆಯಾಡಿಸಿದ.

"ಒಂದು ಗುಂಡಿಗೆ ಇಷ್ಟೊಂದಾ ಸಾರ್? ನಾನಾದ್ರೂ ಒಂದೊಂದು ಹಲ್ಲಿಗೂ ಒಂದೊಂದು ಕಾರಣ ಇಟ್ಕೊಂಡಿದ್ದೆ."

ಆಮೇಲೆ ಇಡೀ ತರಗತಿಯೇ ಗುಡುಗಪ್ಪನನ್ನು ತಿದ್ದಲು ಟೊಂಕ ಕಟ್ಟಿ ನಿಂತಿತು. ಡಾಕ್ಟ್ರು ಟವೆಲ್ ಹೊದ್ದು ಹೆಂಡತಿಯ ಪಾತ್ರ ಮಾಡಿದ. ಆತನ ಪ್ರತಿ ಮಾತಿಗೂ ಗುಡುಗಪ್ಪ ಮನಸ್ಸಿನಲ್ಲೇ ಹತ್ತು ಎಣಿಸಿ ಉತ್ತರಿಸಬೇಕು. ಆರಕ್ಕೇ ಬಾಯಿ ತೆರೆದರೆ, "ಮೊದಲಿಂದ ಸಾರ್" ಎನ್ನುತ್ತಿದ್ದರು ಎಲ್ಲರೂ. ನಾಲ್ಕು ವಾರ ಇದೇ ನಡೆಯಿತು.

ಭಾನುವಾರ ಬೆಳಿಗ್ಗೆ ಗುಡುಗಪ್ಪ ಫೋನ್ ಮಾಡಿದ.

"ಏನು?" ಎಂದಳು ಹೆಂಡತಿ.

ಆತ ಎಣಿಸತೊಡಗಿದ. ಏಳಕ್ಕೆ ಬರುವಷ್ಟರಲ್ಲಿ ಆಕೆ "ಹಲೋ, ಹಲೋ" ಎಂದು ಇಟ್ಟುಬಿಟ್ಟಳು. ಆತನಿಗೆ ಮೈಯೆಲ್ಲ ಉರಿಯಿತು. ಅದಕ್ಕೂ ಹತ್ತು ಎಣಿಸಿ ಮತ್ತೆ ಮಾಡಿದ. ಮತ್ತೆ ಅದೇ ಗತಿ. ಮೂರನೇ ಸಲ ಬಾಯಿಬಿಟ್ಟೇ ಎಣಿಸಿದ.

"ಇದೇನ್ರೀ, ಏನು ಎಣಿಸ್ತಿದ್ದೀರಿ?"

"ಕೋಪ ಇಳಿಸ್ತಿದ್ದೀನಿ. ನೀನು ಮಾತಾಡು."

ಆಕೆ ಮಾತಾಡಿದಳು. ಗುಂಡಿಯಿಂದ ಹಿಡಿದು ಮದುವೆಯಾದ ವರ್ಷದವರೆಗೂ ಹೋದಳು. ಗುಡುಗಪ್ಪ ಮುನ್ನೂರು ದಾಟಿದ.

ಕೊನೆಗೆ ಆಕೆಯ ದನಿ ತಗ್ಗಿತು. "ನನ್ನ ಮಾತು ನೀವು ಪೂರ್ತಿ ಕೇಳಿದ್ದು ಇವತ್ತೇ ರೀ."

'ಬಾ' ಎನ್ನಬೇಕೆಂದರೆ ಗುಡುಗಪ್ಪನ ಬಾಯಿಂದ ಆ ಒಂದಕ್ಷರವೂ ಹೊರಡಲಿಲ್ಲ. ಹತ್ತಾಯಿತು, ಇಪ್ಪತ್ತಾಯಿತು. ಈ ಸಲ ಆಕೆ ಫೋನ್ ಇಡದೆ ಕಾದಳು.