ಕೈಗೆ ಕಿತ್ತುಬಂದ ಅರ್ಥ್ ಪೈಪು

ಕಳೆದ ಭಾನುವಾರ ಬೆಳಿಗ್ಗೆ ನನ್ನ ದೊಡ್ಡ ಮೊಮ್ಮಗಳು ಚೈತ್ರ ನಮ್ಮ ಮನೆಯ ಅರ್ಥ್ ಪೈಪನ್ನು ಮೂಲಂಗಿ ಕಿತ್ತ ಹಾಗೆ ಕಿತ್ತು, ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅಜ್ಜಿ, ಇದೇನು ಗೊತ್ತಾ?"

ಗೊತ್ತಿತ್ತು. ಮನೆಯ ಪಕ್ಕದ ಸಂದಿಯಲ್ಲಿ ಪುಟ್ಟ ಸಿಮೆಂಟ್ ಕಟ್ಟೆಯ ನಡುವೆ ನಿಂತಿದ್ದ ಪೈಪು. ಮೈಸೂರಿನ ಬೋಗಾದಿಯಲ್ಲಿ ಈ ಮನೆ ಕಟ್ಟಿಸಿದಾಗ ವೈರಿಂಗ್ ಮಾಡಿದವನು ನನ್ನನ್ನೇ ಕರೆದು ಹೇಳಿಹೋಗಿದ್ದ. "ಕೆಳಗೆ ಉಪ್ಪು, ಇದ್ದಿಲು ಎಲ್ಲಾ ಹಾಕಿವ್ನಿ ಕಣಮ್ಮ. ಬೇಸ್ಗೇಲಿ ಒಣಗೋಕೆ ಬುಡ್ಬೇಡಿ, ನೀರು ಹಾಕ್ತಾ ಇರಿ."

ಅಂದಿನಿಂದ ತುಳಸಿಗೆ ನೀರು ಹಾಕಿದ ಕೈಯಲ್ಲೇ ಇದಕ್ಕೂ ಒಂದು ಚೊಂಬು ಹಾಕುತ್ತಾ ಬಂದೆ. (ಊರಿಗೆ ಹೋಗುವಾಗ ಸೊಸೆಗೆ ನೆನಪು ಮಾಡಿ ಹೋಗುತ್ತಿದ್ದೆ. ಅವಳು ನಗುತ್ತಿದ್ದಳು.)

ಆಳುದ್ದ ನೆಲದೊಳಗೆ ಇಳಿದಿರಬೇಕಾದ ಪೈಪು ಒಂದು ಗೇಣು ಇತ್ತು. ಅಷ್ಟೇ. ಕೆಳಗೆ ಉಪ್ಪೂ ಇಲ್ಲ, ಇದ್ದಿಲೂ ಇಲ್ಲ, ಗುಂಡಿಯೂ ಇಲ್ಲ. ಹಸಿ ಸಿಮೆಂಟಿನಲ್ಲಿ ಚುಚ್ಚಿ ನಿಲ್ಲಿಸಿದ ತುಂಡು. ಇಷ್ಟು ವರ್ಷ ನಾನು ನೀರೆರೆದದ್ದು ಒಂದು ಸುಳ್ಳಿಗೆ.

ಮೊಮ್ಮಕ್ಕಳೇ, ನಿಮಗೆಂದು ಬರೆಯುವ ಈ ಅಂಕಣದಲ್ಲಿ ಸಾಮಾನ್ಯವಾಗಿ ಗೊಜ್ಜು, ಹಪ್ಪಳ, ನಾವು ಆಡುತ್ತಿದ್ದ ಆಟಗಳ ವಿಷಯ ಇರುತ್ತದೆ. ನಿಮ್ಮ ಪಕ್ಕದಲ್ಲಿ ಕೂತು ಓದುವ ದೊಡ್ಡವರೂ ಅದನ್ನೇ ಎದುರು ನೋಡುತ್ತಾ ಬಂದಿರುತ್ತಾರೆ. ಈ ವಾರ ಸಿಟ್ಟು ಮಾತ್ರ ಇದೆ. ಸಹಿಸಿಕೊಳ್ಳಿ.

ಪೈಪು ಕೀಳುವ ಪ್ರಸಂಗ ಬಂದದ್ದು ನನ್ನ ಬೆರಳಿನಿಂದ. ಫ್ರಿಡ್ಜ್ ಬಾಗಿಲು ಮುಟ್ಟಿದಾಗ ಬೆರಳ ತುದಿ ಜುಮ್ ಅನ್ನುತ್ತಿತ್ತು. ವಯಸ್ಸಾಯಿತು, ನರದ ತೊಂದರೆ ಇರಬೇಕು ಅಂದುಕೊಂಡು ಸುಮ್ಮನಿದ್ದೆ. (ಯಾರಿಗೂ ಹೇಳಿರಲಿಲ್ಲ. ಇಂಥದ್ದನ್ನೆಲ್ಲ ಹೇಳಿಕೊಳ್ಳಲು ನನಗೆ ಸಂಕೋಚ.) ಭಾನುವಾರ ಚೈತ್ರಳ ಎದುರೇ ಕೈ ಕೊಡವಿಕೊಂಡೆ. ಅವಳು ಕಾಫಿ ಲೋಟ ಕೆಳಗಿಟ್ಟಳು.

"ಅಜ್ಜಿ, ಬೇರೆ ಕಡೆ ಎಲ್ಲಾದ್ರೂ ಹೀಗೆ ಆಗುತ್ತಾ?"

"ಇಲ್ಲ ಕಣೇ. ಫ್ರಿಡ್ಜ್ ಹತ್ರ ಮಾತ್ರ."

"ಫ್ರಿಡ್ಜ್ ಹತ್ರ ಮಾತ್ರ ಬರೋ ನರದ ಕಾಯಿಲೆ ಯಾವುದಜ್ಜಿ?"

ಟೆಸ್ಟರ್ ತಂದಳು, ಹೊರಗೆ ಹೋದಳು. ಪೈಪು ಹಿಡಿದು ಬಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಫ್ರಿಡ್ಜಿನೊಳಗೆ ಎಲ್ಲೋ ವೈರು ಸವೆದು ಕರೆಂಟು ಹೊರಮೈಗೆ ಸೋರಿದರೆ, ಅದು ಮನುಷ್ಯರ ಮೈ ಹತ್ತದೆ ಮಣ್ಣಿಗೆ ಹೋಗಲಿ ಎಂದು ಮಾಡಿಡುವ ದಾರಿಯೇ ಅರ್ಥ್. ನಮ್ಮ ಮನೆಯಲ್ಲಿ ಆ ದಾರಿ ಸಿಮೆಂಟಿನಲ್ಲೇ ಮುಗಿದಿತ್ತು. ಉಳಿದ ದಾರಿ ನಾನು. ಮತ್ತು ರಜೆಗೆ ಬಂದಾಗ ಸ್ನಾನ ಮುಗಿಸಿ ಒದ್ದೆ ಕಾಲಲ್ಲೇ ಓಡಿಬಂದು ಅದೇ ಬಾಗಿಲು ತೆರೆಯುವ ನೀವು.

ಈಗ ಹೇಳಿ, ಸಿಟ್ಟು ಬರಬೇಕೋ ಬೇಡವೋ?

ಚೈತ್ರ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ಒಬ್ಬ ಕಂಟ್ರಾಕ್ಟರನ ಕೈಕೆಳಗೆ ದುಡಿದು, ಗೋಡೆ ಕೊರೆದು, ಪೈಪು ಎಳೆದು, ಆಮೇಲೆ ಪರೀಕ್ಷೆ ಬರೆದು, ಸಂದರ್ಶನ ದಾಟಿ ಲೈಸೆನ್ಸ್ ತೆಗೆದುಕೊಂಡಳು. ಮನೆಯಲ್ಲಿ ಪಾಯಸ ಮಾಡಿದೆವು. ಇನ್ನೇನು ಕೆಲಸ ತಾನಾಗಿ ಬರುತ್ತದೆ ಅಂದುಕೊಂಡೆವು.

ಬರಲಿಲ್ಲ. ನಮ್ಮ ಕಡೆ ಎಲೆಕ್ಟ್ರಿಷಿಯನ್ ಬೇಕಾದರೆ ಜನ ಮಾರ್ಕೆಟ್‌ನ ಎಲೆಕ್ಟ್ರಿಕಲ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯ ಮುಂದೆ ಬ್ಯಾಗ್ ಹಿಡಿದು ನಿಂತ ಹುಡುಗರಲ್ಲಿ ಒಬ್ಬನನ್ನು ಯಜಮಾನರು ಕಳಿಸುತ್ತಾರೆ. ಆ ಸಾಲಿನಲ್ಲಿ ಚೈತ್ರಳೂ ನಿಂತು ನೋಡಿದಳು. ಒಂದೇ ಒಂದು ಸಲ ಸರಸ್ವತಿಪುರಂನ ಒಂದು ಮನೆಗೆ ಕಳಿಸಿದರು. ಗೇಟು ತೆರೆದಾಕೆ ಇವಳನ್ನು ನೋಡಿ, ಇವಳ ಬೆನ್ನ ಹಿಂದೆ ನೋಡಿ ಕೇಳಿದರಂತೆ, "ಎಲೆಕ್ಟ್ರಿಷಿಯನ್ ಎಲ್ಲಮ್ಮ, ಗಾಡಿ ನಿಲ್ಲಿಸ್ತಿದಾರಾ?"

ಸೋಮವಾರ ಪೈಪಿನ ತುಂಡನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು, ನಮ್ಮ ಮನೆಯ ವೈರಿಂಗ್ ವಹಿಸಿಕೊಂಡಿದ್ದ ಅಂಗಡಿಗೆ ಇಬ್ಬರೂ ಹೋದೆವು. ನಾನು ಅಂಗಡಿಗಳಲ್ಲಿ ಮಾತಾಡುವವಳಲ್ಲ. ನಿಮ್ಮ ತಾತ ಇದ್ದಾಗ ಅವರ ಹಿಂದೆ ನಿಲ್ಲುತ್ತಿದ್ದೆ. ಈಗ ಚೈತ್ರಳ ಹಿಂದೆ ನಿಂತೆ. ಬೋರ್ಡಿನ ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡೆ. ಲೈಸೆನ್ಸ್ಡ್ ಕಂಟ್ರಾಕ್ಟರ್ ಅಂತ ದೊಡ್ಡದಾಗಿ ಬರೆದಿತ್ತು. ಒಳಗೆ ಲಕ್ಷ್ಮಿ ಫೋಟೋದ ಪಕ್ಕದಲ್ಲಿ ಆ ಲೈಸೆನ್ಸಿಗೂ ಕಟ್ಟು ಹಾಕಿಸಿ ನೇತುಹಾಕಿದ್ದರು. ಅದಕ್ಕೂ ಕುಂಕುಮ, ಅದಕ್ಕೂ ಹೂವು.

ಯಜಮಾನರು (ಹೆಸರು ಬರೆಯುವುದಿಲ್ಲ, ಊರಿನಲ್ಲಿ ಅಂಥವರು ಅವರೊಬ್ಬರೇ ಅಲ್ಲ) ಪೈಪನ್ನು ತಿರುಗಿಸಿ ನೋಡಿ ನಕ್ಕರು.

"ಹುಡುಗ್ರು ಯಾರೋ ಅರ್ಜೆಂಟಲ್ಲಿ ಮಾಡ್ಬುಟ್ಟವ್ರೆ ಕಣಮ್ಮ. ಬುಡಿ, ಬೇರೆ ಹಾಕ್ಸ್ಕೊಡ್ತೀನಿ."

"ಕೆಲಸ ಸರಿಯಾಗಿದೆ ಅಂತ ಸೈನ್ ಮಾಡಿದವರು ಯಾರು ಅಂಕಲ್?" ಚೈತ್ರ ಕೇಳಿದಳು.

ಅವರು ಗೋಡೆಯ ಮೇಲಿನ ಲೈಸೆನ್ಸಿನ ಕಡೆ ಕೈ ತೋರಿಸಿದರು. "ಅವ್ರೇ."

"ಅವರನ್ನ ಕರೀತೀರಾ?"

"ಎಲ್ಲಿಂದ ಕರೀಲಮ್ಮ? ಅವ್ರು ಹಾಸನದಲ್ಲಿ ಮಗಳ ಮನೇಲವ್ರೆ. ವಯಸ್ಸಾಯ್ತು. ಲೈಸೆನ್ಸ್ ಮಾತ್ರ ಇಲ್ಲೇ ಅದೆ."

ಅಂದರೆ ಮನುಷ್ಯ ಹಾಸನದಲ್ಲಿ, ಅವರ ಹೆಸರು ಮೈಸೂರಿನ ಗೋಡೆಯ ಮೇಲೆ. ಖಾಲಿ ಹಾಳೆಗಳಿಗೆ ಮೊದಲೇ ಸಹಿ ಹಾಕಿಟ್ಟು ಹೋಗುತ್ತಿದ್ದರಂತೆ. ಇದನ್ನೂ ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿದರು. ಮುಚ್ಚಿಡಬೇಕಾದ ವಿಷಯ ಅಂತ ಅವರಿಗೆ ಅನಿಸಿಯೇ ಇರಲಿಲ್ಲ. ಕರೆಂಟ್ ಆಫೀಸಿನವರು ಆ ಸಹಿ ನಂಬಿ ಕರೆಂಟು ಕೊಟ್ಟರು, ಗೃಹಪ್ರವೇಶಕ್ಕೆ ಸೀರಿಯಲ್ ಲೈಟು ಉರಿಯಿತು, ನಾವು ಹೋಳಿಗೆ ತಿಂದೆವು.

ಚೈತ್ರ ತನ್ನ ಲೈಸೆನ್ಸ್ ಕಾರ್ಡು ತೆಗೆದು ಕೌಂಟರ್ ಮೇಲೆ ಇಟ್ಟಳು. ತಾನು ಸುಮ್ಮನೆ ಜಗಳಕ್ಕೆ ಬಂದವಳಲ್ಲ, ವಿಷಯ ತಿಳಿದೇ ಕೇಳುತ್ತಿದ್ದೇನೆ ಎಂದು ತೋರಿಸಲು. ಅವರು ಅದನ್ನು ಎತ್ತಿಕೊಂಡು ಓದಿದರು. ಮುಖವೇ ಬದಲಾಯಿತು. ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಕಾಫಿ ತರಿಸುತ್ತೇನೆ ಅಂದರು.

"ನೋಡಮ್ಮ, ನಾನೇ ಹುಡುಕ್ತಿದ್ದೆ. ಅವ್ರದ್ದು ಇನ್ನು ರಿನ್ಯೂ ಆಗಕಿಲ್ಲ. ನಿಂದು ಇಲ್ಲಿ ಹಾಕ್ಬುಡೋಣ. ನೀನು ಕೌಂಟ್ರಲ್ಲಿ ಆರಾಮಾಗಿ ಕೂತ್ಕೊ, ಬಂದ ಪೇಪರ್ಗೆ ಸೈನ್ ಹಾಕು. ಬಿಸಿಲಲ್ಲಿ ಅಲೀಬೇಡ. ಹೆಣ್ಮಗು, ಯಾಕೆ ಏಣಿ ಹತ್ತೀಯಾ? ಕೆಲಸಕ್ಕೆ ಹುಡುಗ್ರವ್ರೆ."

"ನೋಡದೇ ಇರೋ ಮನೆಗೆ ಸೈನ್ ಹಾಕೋದಾ?"

"ಎಲ್ಲಾ ಕಡೆ ಇಂಗೇ ಕಣಮ್ಮ. ಒಂದ್ ವರ್ಷ ಕೂತ್ಕೊ. ಬೋಗಾದಿಲಿ ಎಲ್ರಿಗೂ ನಿನ್ ಹೆಸರು ಗೊತ್ತಾಯ್ತದೆ."

ನೋಡಿ ಅಲ್ಲಿನ ಚೆಂದ! ಮೋಸ ಆಗಿದೆ ಎಂದು ಹೇಳಲು ಬಂದವಳಿಗೇ ಮೋಸದ ಮುಂದಿನ ಸಹಿ ಹಾಕುವ ಕೆಲಸ!

ನನಗೆ ಹೆದರಿಕೆಯಾದದ್ದು ಅವರ ಮಾತಿಗಲ್ಲ, ಚೈತ್ರಳ ಮೌನಕ್ಕೆ. ಅವಳು ಕೂಡಲೇ ಬೇಡ ಅನ್ನಲಿಲ್ಲ. ಕಾರ್ಡು ಅವರ ಕೈಯಲ್ಲೇ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು. ತಿಂಗಳುಗಟ್ಟಲೆ ಅಂಗಡಿ ಮುಂದೆ ಕಾದು, ಗೇಟಿನಿಂದ ವಾಪಸ್ ಬಂದ ಹುಡುಗಿಗೆ ಯಾರೋ ಮೊದಲ ಬಾರಿ ಕುರ್ಚಿ ತೋರಿಸಿದ್ದರು. ಆಸೆ ಆಗದೇ ಇರುತ್ತದೆಯೇ? ಅವಳು ಹೂಂ ಅಂದುಬಿಟ್ಟರೆ, ನಾಳೆ ಯಾರದೋ ಮನೆಯ ಒದ್ದೆ ಕಾಲಿನ ಮಗುವಿಗೆ ಜವಾಬು ಹೇಳಬೇಕಾದ ಹೆಸರು ಅವಳದಾಗುತ್ತದೆ.

ಅಂಗಡಿಯಲ್ಲಿ ಮಾತಾಡಿ ನನಗೆ ರೂಢಿಯಿಲ್ಲ. ಆದರೂ ಕೇಳಿದೆ. "ಸ್ವಾಮಿ, ನಿಮ್ಮ ಮನೆ ವೈರಿಂಗ್ ಯಾರು ಮಾಡಿದ್ರು?"

"ನಮ್ ಮನೇದಾ?" ಅವರು ಎದೆಯುಬ್ಬಿಸಿ ಹೇಳಿದರು. "ಅದುನ್ನ ಬುಡಕ್ಕಾಯ್ತದಾ ಅಮ್ಮ? ಗುಂಡಿ ತೋಡೋ ದಿವಸದಿಂದ ನಾನೇ ಮುಂದೆ ನಿಂತು ಮಾಡ್ಸಿದ್ದು."

ಹೇಳಿ ಮುಗಿಸಿದ ಮೇಲೆ ಅವರಿಗೇ ತಾವು ಹೇಳಿದ್ದು ಏನೆಂದು ಕೇಳಿಸಿತೋ ಏನೋ, ಕಾರ್ಡನ್ನು ಕೈಯಲ್ಲೇ ತಿರುಗಿಸತೊಡಗಿದರು. ಚೈತ್ರ ಕೈ ಚಾಚಿದಳು.

"ಕಾರ್ಡ್ ಕೊಡಿ ಅಂಕಲ್."

"ಯೋಚ್ನೆ ಮಾಡಮ್ಮ. ನೀನಲ್ದಿದ್ರೆ ಇನ್ನೊಬ್ರು ಸಿಕ್ತಾರೆ."

"ಸಿಗ್ತಾರೆ. ನನ್ನದು ಕೊಡಿ."

ಕೊಟ್ಟರು. ಕಾಫಿ ಬರುವ ಮೊದಲೇ ಎದ್ದು ಬಂದೆವು. ಆಟೋ ಮನೆ ಹತ್ತಿರ ಬಂದಾಗ, "ಕುರ್ಚಿ ಚೆನ್ನಾಗಿತ್ತು ಅಲ್ವಾ ಅಜ್ಜಿ?" ಅಂದಳು. ನಗಲೋ ಅಳಲೋ ತಿಳಿಯದೆ ಅವಳ ಕೈ ಹಿಡಿದುಕೊಂಡೆ.

ಅಂಗಡಿಯವರನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಅವರಿಗೆ ಆ ಧೈರ್ಯ ಕೊಟ್ಟವರು ಯಾರು? ನಾವೇ ಅಲ್ಲವೇ? ಟೈಲ್ಸ್ ಬಣ್ಣಕ್ಕೆ ಹತ್ತು ಅಂಗಡಿ ಸುತ್ತುತ್ತೇವೆ. ಬಾಗಿಲಿನ ಕೆತ್ತನೆಗೆ ಬಡಗಿಯ ತಲೆ ತಿನ್ನುತ್ತೇವೆ. ಗೋಡೆಯೊಳಗೆ ಹೋಗುವ ವೈರಿನ ವಿಷಯಕ್ಕೆ ಬಂದರೆ, ಯಾರನ್ನಾದರೂ ಕಳಿಸಿ, ಬೇಗ ಮುಗಿಸಿ! ಪರೀಕ್ಷೆ ಪಾಸಾದವರು ಬೀದಿಯಲ್ಲಿ ನಿಂತಿರಲಿ, ಅವರ ಕಾಗದ ಮಾತ್ರ ಒಳಗೆ ಬರಲಿ. ಇದು ಎಂಥ ನ್ಯಾಯ?

ಬುಧವಾರ ಚೈತ್ರ ಮಣ್ಣು ತೋಡಲು ಒಬ್ಬ ಆಳನ್ನು ಕರೆದು, ತಾನೇ ನಿಂತು, ನಮ್ಮ ಸಂದಿಯಲ್ಲಿ ನಿಜವಾದ ಗುಂಡಿ ತೋಡಿಸಿದಳು. ಆಳುದ್ದದ ಪೈಪು ಇಳಿಸಿದಳು. ಉಪ್ಪು, ಇದ್ದಿಲು ನಾನೇ ಹೊತ್ತು ತಂದುಕೊಟ್ಟೆ. ಫ್ರಿಡ್ಜನ್ನೂ ರಿಪೇರಿ ಮಾಡಿಸಿದಳು. ಬೆರಳು ಈಗ ಜುಮ್ ಅನ್ನುವುದಿಲ್ಲ.

ಮನೆಯ ಮೇಲೆ ಮಹಡಿ ಕಟ್ಟಿಸುತ್ತಿರುವ ಪಕ್ಕದ ಮನೆಯವರು ಕಾಂಪೌಂಡಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಚೈತ್ರಳನ್ನು ಕರೆದರು. ನನಗೆ ಖುಷಿಯಾಯಿತು. ಕೊನೆಗೂ ಒಬ್ಬರು ಕರೆದರಲ್ಲ ಅಂತ.

"ನಿಂದು ಲೈಸೆನ್ಸ್ ಇದ್ಯಂತಲ್ಲಮ್ಮ? ನಮ್ ಮೇಲಿನ್ ಮನೆಗೆ ಒಂದು ಸೈನ್ ಹಾಕ್ಕೊಡು."

"ವೈರಿಂಗ್ ನಾನೇ ಮಾಡ್ಕೊಡ್ತೀನಿ ಅಂಕಲ್. ಆಮೇಲೆ ಸೈನ್ ಹಾಕ್ತೀನಿ."

"ಅಯ್ಯೋ, ನೀನಾ? ಬೇಡ ಕಣಮ್ಮ, ಅದು ರಿಸ್ಕು. ಕೆಲಸಕ್ಕೆ ಹುಡುಗ್ರಿಗೆ ಹೇಳಿದೀನಿ. ಸೈನ್ ಒಂದು ಹಾಕು ಸಾಕು."

ಈ ಹುಡುಗಿಯ ಕೈಗೆ ಒಂದು ವೈರು ಕೊಡಲು ಹೆದರುವವರಿಗೆ, ಅದೇ ಕೈ ಹಾಕುವ ಸಹಿ ಮಾತ್ರ ಯಾಕೆ ಬೇಕು?