ಕೊನೆಯ ಪುಟದಿಂದ ಓದುವವಳು

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಕರಡಮ್ಮ ಎನ್ನುತ್ತಿದ್ದರು. ಅಚ್ಚಿಗೆ ಹೋಗುವ ಮೊದಲು ಪುಸ್ತಕದ ಕರಡು ತಿದ್ದುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಮೇಜು, ಅದೇ ಕೆಂಪು ಪೆನ್ನು. ಬೆನ್ನ ಹಿಂದೆ, ಕರಡು ಎಂಬುದರ ಕೊಂಬು ಕಿತ್ತು ಗುಡಿಸು ಹಚ್ಚಿ, ಕರಡಿ ಎನ್ನುವವರೂ ಇದ್ದರು. ಅವಳಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳನ್ನು ಗುಬ್ಬಚ್ಚಿ ಎಂದು ಕರೆಯುತ್ತಾರೆಯೇ?

ಅವಳು ಕರಡನ್ನು ಕೊನೆಯ ಪುಟದಿಂದ ಹಿಡಿದು ಮೊದಲ ಪುಟದ ಕಡೆಗೆ ಓದುತ್ತಿದ್ದಳು. ಮುಂದಿನಿಂದ ಓದಿದರೆ ಕಥೆ ಕೈಹಿಡಿದು ಎಳೆದುಕೊಂಡು ಹೋಗುತ್ತದೆ, ಕಣ್ಣು ತಪ್ಪುಗಳನ್ನು ಹಾರಿಸಿಬಿಡುತ್ತದೆ. ಹಿಂದಿನಿಂದ ಓದಿದರೆ ಕಥೆಯ ಆಟ ನಡೆಯುವುದಿಲ್ಲ. ಹೀಗಾಗಿ ಲೋಕಕ್ಕೆಲ್ಲ ಕೊನೆಯಾದದ್ದು ಅವಳಿಗೆ ಮೊದಲು. ಯಾವ ರಾಜ ಸತ್ತ, ಯಾರು ಯಾರನ್ನು ಮದುವೆಯಾದರು ಎನ್ನುವುದು ಸೋಮವಾರ ಬೆಳಿಗ್ಗೆಯೇ ಗೊತ್ತು. ಅವರೆಲ್ಲ ಯಾರು ಎಂದು ತಿಳಿಯಲು ಶನಿವಾರವಾಗಬೇಕು.

ಈ ಸಲ ಬಂದದ್ದು ಮಾಯಾಲೋಕದ ಕಾದಂಬರಿಯೊಂದರ ಮೂರನೆಯ ಸಂಪುಟ, ಕಡೆಯದು. ಮೊದಲೆರಡನ್ನು ಓದಿ ಹುಚ್ಚು ಹಿಡಿಸಿಕೊಂಡವರು ಸಾವಿರಾರು. ಪುಸ್ತಕವಿನ್ನೂ ಅಚ್ಚಾಗಿರಲಿಲ್ಲ, ಆಗಲೇ ಸಿನಿಮಾ ಮಾಡುತ್ತಾರಂತೆ ಎಂಬ ಸುದ್ದಿ. ಕೂಸು ಹುಟ್ಟುವ ಮುಂಚೆ ಕುಲಾವಿ! ಅಚ್ಚುಕೂಟದಲ್ಲಿ ಆ ಕರಡನ್ನು ಓದಿದವರು ಇಬ್ಬರೇ: ಕರಡಮ್ಮ, ಮತ್ತು ಪಕ್ಕದ ಮೇಜಿನ ಪುಟ ಜೋಡಿಸುವವನು. ಎರಡು ಮಕ್ಕಳ ತಂದೆ, ಅವಳನ್ನು ಅಕ್ಕ ಎನ್ನುವವನು. ಯಾರಿಗೂ ಕಥೆ ಹೇಳುವುದಿಲ್ಲ ಎಂದು ಇಬ್ಬರೂ ಯಜಮಾನರಿಗೆ ಮಾತು ಕೊಟ್ಟಿದ್ದರು. ಮಾತು ತಪ್ಪಿದವರಿಗೆ ಕೆಲಸವಿಲ್ಲ.

ಆ ಕಾದಂಬರಿಯ ಹುಚ್ಚು ಹಿಡಿದವಳೊಬ್ಬಳು ಕರಡಮ್ಮನ ಮನೆಯಲ್ಲೇ ಇದ್ದಳು. ತಂಗಿಯ ಮಗಳು, ಕಾಲೇಜಿಗೆಂದು ದೊಡ್ಡಮ್ಮನ ಜೊತೆಗಿದ್ದವಳು. ಭಾನುವಾರ ಮಧ್ಯಾಹ್ನ ಹುಡುಗಿ ಫೋನನ್ನು ಮೈಕು ಮುಚ್ಚದೆ ಹಾಸಿಗೆಯ ಮೇಲಿಟ್ಟು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಫೋನಿನಲ್ಲಿ ಅಭಿಮಾನಿಗಳ ಗುಂಪು ಸೇರಿ ಸಿನಿಮಾದ ಬಗ್ಗೆ ಹರಟುತ್ತಿತ್ತು. ಕರಡಮ್ಮ ಅದೇ ಕೋಣೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು, ಹಲ್ಲು ಕಚ್ಚಿಕೊಂಡು. ಒಬ್ಬನ ಭಾವಮೈದುನ ಸಿನಿಮಾದ ಸೆಟ್ಟಿನಲ್ಲಿ ಬಡಗಿಯಂತೆ, ನಾಲ್ಕು ಸಿಂಹಾಸನ ಮಾಡಿದ್ದಾನಂತೆ, ಹಾಗಾದರೆ ರಾಜರು ನಾಲ್ವರು. ಇನ್ನೊಬ್ಬಳಿಗೆ ಒಂದು ಬೂಟಿನ ಚಿತ್ರ ಸಿಕ್ಕಿತ್ತು. ಆ ಬೂಟಿನಿಂದಲೇ ಅರ್ಧ ಕಥೆ ಹೊಸೆದಳು. ಆನೆ ಮುಟ್ಟಿದ ಕುರುಡರಾದರೂ ಆನೆಯನ್ನು ಮುಟ್ಟಿದ್ದರು, ಇವರಿಗೆ ಬಾಲವೂ ಸಿಕ್ಕಿರಲಿಲ್ಲ.

ಆಗ ಗುಂಪಿನಲ್ಲಿ ರಾಜಗುರು ಎಂದು ಕರೆಸಿಕೊಳ್ಳುವ ದೊಡ್ಡ ಗಂಟಲಿನವನೊಬ್ಬ ಬಾಯಿ ಹಾಕಿದ. "ಆ ದೋಣಿ ಮುದುಕಿನ ಕಿತ್ತಾಕ್ತಾರೆ ಬಿಡಿ. ಎರಡು ಪುಸ್ತಕದಲ್ಲಿ ಅವಳು ಮಾಡಿದ್ದೇನು? ಹುಟ್ಟು ಹಾಕಿದ್ದು. ದೋಣಿ ತಾನೇ ಹೋಗೋ ಹಾಗೆ ಗ್ರಾಫಿಕ್ಸ್ ಮಾಡಿದ್ರೆ ಆಯ್ತು. ಮುದುಕಿ ಮುಖ ನೋಡೋಕೆ ಯಾರು ಟಿಕೆಟ್ ತಗೋತಾರೆ?"

ಎಲ್ಲರೂ ನಕ್ಕರು. ತಂಗಿಯ ಮಗಳೂ ನಕ್ಕಳು.

ಕರಡಮ್ಮನಿಗೆ ಐವತ್ತೆಂಟು. ಹಿಂದಿನ ವಾರವಷ್ಟೇ ಯಜಮಾನರು ತಪ್ಪು ಹುಡುಕುವ ಸಾಫ್ಟ್‌ವೇರೊಂದನ್ನು ತರಿಸಿ, "ಇನ್ಮೇಲೆ ಇದೇ ನೋಡ್ಕೊಳ್ಳುತ್ತೆ, ನೀವು ಸುಮ್ನೆ ಒಂದ್ಸಲ ಕಣ್ಣಾಡಿಸಿ" ಎಂದಿದ್ದರು. ಈಗ ಈ ನಗು ಕೇಳಿ ಅಂಗಾಲಿನ ಉರಿ ನೆತ್ತಿಗೇರಿತು. ಇಸ್ತ್ರಿಪೆಟ್ಟಿಗೆ ಕುಕ್ಕಿ ಫೋನಿನ ಮೇಲೆ ಬಗ್ಗಿದಳು.

"ಏಯ್, ಬಾಯಿ ಮುಚ್ಚೋ! ಕೊನೇಲಿ ಕೋಟೆ ಬಾಗಿಲು ತೆಗೆಯೋದೇ ಆ ಮುದುಕಿ. ನಿಮ್ಮ ರಾಜಕುಮಾರ ನಡುನೀರಲ್ಲಿ ಮುಳುಗಿ ಸಾಯ್ತಾನೆ, ಈಜು ಬರದ ದಂಡಪಿಂಡ! ಅವಳು ತನ್ನ ದೋಣಿ ಸುಟ್ಟು, ಆ ಬೆಳಕಲ್ಲಿ ಉಳಿದೋರನ್ನ ದಡ ಸೇರಿಸ್ತಾಳೆ. ಅವಳನ್ನ ಕಿತ್ತಾಕ್ತಾರಂತೆ!"

ಗುಂಪಿನಲ್ಲಿದ್ದವರು ಇನ್ನೂರು ಜನ. ಅವರಲ್ಲಿ ಯಾರೋ "ಯಾರ ಮನೆ ಅಜ್ಜಿನಪ್ಪಾ ಇದು?" ಎಂದ, ನಗು ಮೊದಲಿಗಿಂತ ಜೋರಾಯಿತು. ಹುಡುಗಿ ಫೋನು ಕಿತ್ತುಕೊಂಡು ಆರಿಸಿದಳು.

"ದೊಡ್ಡಮ್ಮಾ... ಅದು ನಿಜಾನಾ?"

ಆಗ ಅವಳಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಅವಳ ಪಾಲಿಗೆ ಅದು ಸೋಮವಾರ ಬೆಳಿಗ್ಗೆ ಓದಿದ ಮೊದಲ ಪುಟ. ಒಂದಾನೊಂದು ಊರಲ್ಲಿ ಒಬ್ಬ ರಾಜ ಎನ್ನುವಷ್ಟು ಸಲೀಸಾಗಿ ಬಾಯಿಗೆ ಬಂದುಬಿಟ್ಟಿತ್ತು.

ಎರಡು ದಿನದಲ್ಲಿ ಆ ಮಾತು, ಹೇಳಿದವರು ಯಾರೆಂಬುದು ಕಳಚಿಹೋಗಿ, ಬರಹವಾಗಿ, ವ್ಯಂಗ್ಯಚಿತ್ರವಾಗಿ ಎಲ್ಲ ಫೋನುಗಳಿಗೂ ಹರಿಯಿತು. ಯಾರೂ ನಂಬಲಿಲ್ಲ. ನಂಬಿದವನು ಒಬ್ಬನೇ, ಕಾದಂಬರಿ ಬರೆದವನು. ಮಂಗಳವಾರ ಬೆಳಿಗ್ಗೆ ಕರಡಮ್ಮ ಬರುವ ಹೊತ್ತಿಗೆ ಅವನು ಯಜಮಾನರ ಕೋಣೆಯಲ್ಲಿ ಮುಖ ಗಂಟಿಕ್ಕಿ ಕೂತಿದ್ದ. ಪಕ್ಕದ ಮೇಜು ಖಾಲಿಯಿತ್ತು.

"ನಿಮ್ಮ ಪಕ್ಕದವನ ಕೆಲಸ ನೋಡಿದ್ರಾ?" ಎಂದರು ಯಜಮಾನರು. "ಆ ಗುಂಪಲ್ಲಿ ಅವನೂ ಇದ್ದಾನೆ. ಕೇಳಿದ್ರೆ ನಾನಲ್ಲ ಅಂತಾನೆ. ಮತ್ತೆ ಯಾರು ಅಂದ್ರೆ ಬಾಯೇ ಬಿಡಲ್ಲ. ಇನ್ನು ಬರ್ಬೇಡ ಅಂತ ಕಳಿಸ್ದೆ. ನಿಮ್ಮ ಮೇಲಂತೂ ಅನುಮಾನ ಇಲ್ಲಮ್ಮ. ಹಿಂದುಮುಂದಾಗಿ ಓದೋ ನಿಮಗೆ ಕಥೆ ಎಲ್ಲಿ ತಲೆಗೆ ಹತ್ತುತ್ತೆ?"

ಕರಡಮ್ಮ ತುಟಿ ಬಿಚ್ಚಲಿಲ್ಲ. ತನ್ನ ಮೇಜಿಗೆ ಬಂದು ಕೂತಳು. ಅವನು ಇನ್ನೂ ಚಿಕ್ಕವನು, ಎಲ್ಲಾದರೂ ಕೆಲಸ ಸಿಗುತ್ತದೆ. ತನ್ನನ್ನು ಈ ವಯಸ್ಸಿನಲ್ಲಿ ಯಾರು ಮೂಸಿ ನೋಡುತ್ತಾರೆ? ಹೀಗೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಸಿಟ್ಟು ಬಂತು: ನಕ್ಕವರ ಮೇಲೆ, ಯಜಮಾನರ ಮೇಲೆ, ಜಾರಿದ ನಾಲಿಗೆಯ ಮೇಲೆ. ಪುಟ ತಿರುವಿದಳು, ಒಂದು ಅಕ್ಷರವೂ ಕಾಣಲಿಲ್ಲ.

ಹನ್ನೆರಡು ಗಂಟೆಗೆ ಕಾವಲುಗಾರ ಒಂದು ರಟ್ಟಿನ ಪೆಟ್ಟಿಗೆ ತಂದು ಪಕ್ಕದ ಮೇಜಿನ ಸಾಮಾನು ತುಂಬತೊಡಗಿದ. ಬಾಚಣಿಗೆ, ಕನ್ನಡಕದ ಡಬ್ಬಿ, ಮಕ್ಕಳು ಬಿಡಿಸಿದ ಒಂದು ಚಿತ್ರ. ಉಕ್ಕಿನ ಅಳತೆಪಟ್ಟಿ ಎತ್ತಿ ಹಿಡಿದು ಕೇಳಿದ, "ಇದು ನಿಮ್ಮದಾ ಅಮ್ಮ, ಇಲ್ಲಾ ಆ ಕಳ್ಳಂದಾ?"

ಅವಳು ಎದ್ದ ರಭಸಕ್ಕೆ ಕುರ್ಚಿ ಮಗುಚಿತು.

"ನಾನೇ ಹೇಳಿದ್ದು," ಎಂದಳು ಯಜಮಾನರ ಬಾಗಿಲು ತಳ್ಳಿ.

"ಅವನ ಮೇಲಿನ ಕನಿಕರಕ್ಕೆ ಇಲ್ಲದ್ದನ್ನ ತಲೆ ಮೇಲೆ ಎಳ್ಕೋಬೇಡಿ."

"ಕನಿಕರ ಅಲ್ಲ, ಸಿಟ್ಟು! ನಂಗೆ ಕಥೆ ತಲೆಗೆ ಹತ್ತಲ್ಲ ಅಂದ್ರಲ್ಲ, ಕೇಳಿ." ನಿಂತಲ್ಲೇ ಶುರುಮಾಡಿದಳು. ಕೋಟೆಯ ಬಾಗಿಲಿನಿಂದ ಉರಿಯುವ ದೋಣಿಗೆ, ಅಲ್ಲಿಂದ ರಾಜಕುಮಾರ ಮುಳುಗಿದ ಮಡುವಿಗೆ, ಮುದುಕಿಯ ಹರೆಯಕ್ಕೆ, ಹೀಗೆ ಹಿಂದೆ ಹಿಂದೆ ಹೋಗುತ್ತ ಒಂದೂ ತಪ್ಪದೆ ಒದರಿದಳು. "ಅವಳು ಯಾಕೆ ದೋಣಿ ಸುಟ್ಟಳು ಅಂತ ನಿಮ್ಮ ಸಾಫ್ಟ್‌ವೇರನ್ನ ಕೇಳಿ. ಹೇಳುತ್ತಾ ನೋಡೋಣ!"

ಬರೆದವನು ನೆಲ ನೋಡುತ್ತ, "ಇವರು ಓದಿದ್ದಾರೆ," ಎಂದ. ಯಜಮಾನರು ಅವನನ್ನು ವಾಪಸು ಕರೆಸಲು ಒಪ್ಪಿ, ಅವಳಿಗೆ ನಾಳೆಯಿಂದ ಬರುವುದು ಬೇಡ ಎಂದರು.

ಬೀದಿಗೆ ಇಳಿದವಳೇ ಪುಟ ಜೋಡಿಸುವವನಿಗೆ ಫೋನು ಮಾಡಿದಳು.

"ನಾಳೆ ಒಂಬತ್ತಕ್ಕೆ ಕೆಲಸಕ್ಕೆ ಬಾ. ಹೇಳಿದ್ದು ನಾನು."

"ಗೊತ್ತು ಅಕ್ಕ. ಭಾನುವಾರ ನಾನೂ ಫೋನಲ್ಲಿದ್ದೆ. ನಿಮ್ಮ ದನಿ ಗೊತ್ತಾಗಲ್ವಾ?"

"ಗೊತ್ತಿದ್ದೂ ಯಾಕೋ ಬಾಯಿ ಹೊಲ್ಕೊಂಡಿದ್ದೆ, ಕತ್ತೆ?" ಬೀದಿಯವರೆಲ್ಲ ತಿರುಗಿ ನೋಡಿದರು.

"ನೀವೇ ಹೇಳ್ತೀರಿ ಅಂತ. ಬೆಳಿಗ್ಗೆ ಹೋದ ತಕ್ಷಣ ಹೇಳಿಬಿಟ್ಟಿರ್ತೀರಿ ಅಂತ ನನ್ನ ಹೆಂಡ್ತಿಗೂ ಹೇಳ್ದೆ. ಅಕ್ಕ ಒಂದು ನಿಮಿಷನೂ ಸುಮ್ನಿರೋರಲ್ಲ ಅಂತ."

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಕಣ್ಣಲ್ಲಿ ನೀರು ಬರುವಷ್ಟು.

"ಸುಮ್ನಿದ್ದೆ ಕಣೋ," ಎಂದಳು. "ಹನ್ನೆರಡು ಗಂಟೆವರೆಗೂ ಸುಮ್ನೆ ಕೂತಿದ್ದೆ."