ಅಳತೆ ಅಣ್ಣನ ಪಾರ್ಸಲ್

ಆ ಬೂಟಿನ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಳತೆ ಅಣ್ಣ ಎಂದೇ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ನೋಡಿ ನಂಬರ್ ಹೇಳಿಬಿಡುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಕಣ್ಣು ತಪ್ಪಿದ್ದು ಅಪರೂಪ. ಆದರೆ ಈಚೆಗೆ ಬರುವವರು ಅವನ ಕೈಯಿಂದ ನಾಲ್ಕು ಜೋಡಿ ತೊಡಿಸಿಕೊಂಡು, ಡಬ್ಬಿಯ ಮೇಲಿನ ಹೆಸರು-ನಂಬರಿನ ಚೀಟಿಯ ಫೋಟೊ ಹೊಡೆದುಕೊಂಡು, "ಮನೇಲಿ ಕೇಳಿ ಬರ್ತೀವಿ" ಎಂದು ಹೋಗಿ, ಅದನ್ನೇ ಫೋನಿನಲ್ಲಿ ತರಿಸಿಕೊಳ್ಳುತ್ತಿದ್ದರು. ಐದು ಜನ ಕೆಲಸಕ್ಕಿದ್ದ ಅಂಗಡಿಯಲ್ಲಿ ಈಗ ಅವನೊಬ್ಬನೇ. ಹಾಗಾಗಿ ಯಾರಾದರೂ ಫೋಟೊಗೆ ಫೋನ್ ಎತ್ತಿದರೆ ಚೀಟಿಯ ಮೇಲೆ ಹೆಬ್ಬೆರಳಿಟ್ಟು, "ಕಾಲು ನಮಗೆ ಕೊಡ್ತೀರಿ, ವ್ಯಾಪಾರ ಇನ್ನೊಬ್ಬರಿಗೆ" ಎಂದು ಚುಚ್ಚುತ್ತಿದ್ದ. ಯಜಮಾನರು ಗಲ್ಲಾದಲ್ಲಿ ಕೂತು ನಗುತ್ತಿದ್ದರು.

ಮಗಳು ಶಾಲೆಯ ಓಟದ ತಂಡ ಸೇರಿದಾಗ ಅವಳನ್ನು ಅಂಗಡಿಗೆ ಕರೆತಂದು ನೀಲಿ ಬೂಟು ಹಾಕಿಸಿ ನೋಡಿದ. ಹೇಳಿ ಮಾಡಿಸಿದಂತಿತ್ತು. "ಆಮೇಲೆ ನೋಡೋಣ ಪುಟ್ಟಿ" ಎಂದು ಡಬ್ಬಿಯನ್ನು ಮತ್ತೆ ಕಪಾಟಿನಲ್ಲಿಟ್ಟ. ಫೋನಿನಲ್ಲಿ ಅದೇ ಬೂಟು ಅಗ್ಗವಾಗಿತ್ತು. ಅಲ್ಲೇ ತರಿಸಲು ಹೇಳಿ, ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಅಂಗಡಿಯ ವಿಳಾಸ ಕೊಟ್ಟ. ಪಾರ್ಸಲ್ ಮಧ್ಯಾಹ್ನ ಬರಬೇಕಿತ್ತು. ಆ ಹೊತ್ತಿಗೆ ಯಜಮಾನರು ಊಟಕ್ಕೆ ಹೋಗಿರುತ್ತಾರೆ.

ಬಂದದ್ದು ಹನ್ನೊಂದು ಗಂಟೆಗೆ. ತಂದವನು ಎರಡು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಕೆಲಸ ಕಳೆದುಕೊಂಡವನು. ಅವನಿಗೆ ಕೆಲಸ ಕಲಿಸಿದ್ದು ಅಳತೆ ಅಣ್ಣನೇ. ಪಾರ್ಸಲ್ ಮೇಲಿದ್ದ ಅಣ್ಣನ ಹೆಸರು ಓದಿಕೊಂಡು ಅವನು ಬಾಗಿಲಲ್ಲೇ ನಿಂತ.

"ಏನಯ್ಯಾ, ಬೂಟಿನಂಗಡಿಗೇ ಬೂಟು ತಂದಿದೀಯ?" ಡಬ್ಬಿಯ ಆಕಾರ ನೋಡಿಯೇ ಯಜಮಾನರು ಛೇಡಿಸಿದರು.

ಅವನು ಅಣ್ಣನ ಮುಖ ನೋಡಿದ. "ಅಡ್ರೆಸ್ ತಪ್ಪಾಗಿರ್ಬೇಕು ಸಾರ್. ವಾಪಸ್ ತಗೊಂಡು ಹೋಗ್ತೀನಿ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಳತೆ ಅಣ್ಣ ಸುಮ್ಮನೆ ಇದ್ದ ಕೂಡ, ಅವನು ಎರಡು ಮೆಟ್ಟಿಲು ಇಳಿಯುವ ತನಕ.

"ನಿಲ್ಲೋ. ಅದು ನಂದೇ."

ಯಜಮಾನರು ಬೈಯಲಿಲ್ಲ. ಗಲ್ಲಾದ ಕೆಳಗಿಂದ ಒಂದು ಡಬ್ಬಿ ತೆಗೆದು ಮೇಲಿಟ್ಟರು. ನೀಲಿ ಬೂಟು, ಅದೇ ನಂಬರ್.

"ಮಗು ತಿರುತಿರುಗಿ ನೋಡ್ಕೊಂಡು ಹೋಯ್ತಲ್ಲ, ಓಟದ ದಿನ ಕೊಡೋಣ ಅಂತ ಎತ್ತಿಟ್ಟಿದ್ದೆ," ಎಂದರು. "ಇರಲಿ, ಕಪಾಟಿಗೆ ಸೇರಿಸು."

ಅಳತೆ ಅಣ್ಣ ತಲೆ ಎತ್ತದೆ ಡಬ್ಬಿಯನ್ನು ಸಾಲಿಗೆ ಸೇರಿಸಿದ.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಮೂರು ಜೋಡಿ ಹಾಕಿ ನೋಡಿ, ಫೋನ್ ಎತ್ತಿದರು. ಅಭ್ಯಾಸಬಲದಿಂದ ಅವನ ಹೆಬ್ಬೆರಳು ಚೀಟಿಯ ಮೇಲೆ ಹೋಯಿತು. ಯಜಮಾನರು ಈ ಕಡೆಗೇ ನೋಡುತ್ತಿದ್ದರು.

ಅವನು ಬೆರಳು ತೆಗೆದು, ಫೋಟೊಗೆ ಅನುಕೂಲವಾಗಲೆಂದು ಡಬ್ಬಿಯನ್ನು ನೆಟ್ಟಗೆ ಹಿಡಿದ.